ಆಕಳ ಪಾಲು

ಪ್ರಹ್ಲಾದರಾಯರಿಗೆ ಏಳನೇ ಮಹಡಿಯಲ್ಲಿ ಎಲ್ಲವೂ ಒಗ್ಗಿತ್ತು, ಒಂದು ಆಕಳಿಲ್ಲ ಅನ್ನುವುದನ್ನು ಬಿಟ್ಟರೆ.

ಲಿಫ್ಟು ಒಗ್ಗಿತ್ತು. ಹೈದರಾಬಾದಿನ ಕೊಂಡಾಪುರದ ಧೂಳು ಒಗ್ಗಿತ್ತು. ಎರಡೇ ಕೋಣೆಯ ಮನೆಯಲ್ಲಿ ದೇವರಿಗೆಂದು ಬೇರೆ ಕೋಣೆಯಿಲ್ಲದೆ, ಅಡಿಗೆಮನೆಯ ಪಕ್ಕದ ಗೋಡೆ ಕಪಾಟಿನಲ್ಲಿ ಸಾಲಿಗ್ರಾಮದ ಪೆಟ್ಟಿಗೆ ಕೂತದ್ದೂ ಒಗ್ಗಿತ್ತು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ನೈವೇದ್ಯ ಮುಗಿಸಿ, ಬಾಳೆಲೆಯ ತುಂಡಿನ ಮೇಲೆ ಒಂದು ತುತ್ತು ಅನ್ನ, ಅದರ ಮೇಲೆ ತುಪ್ಪ, ಬೆಲ್ಲ ಇಟ್ಟುಕೊಂಡು ಎದ್ದರೆ ದಿನಾ ಅದೇ ಪ್ರಶ್ನೆ: ಇದನ್ನು ಕೊಡುವುದು ಯಾರಿಗೆ? ಮನೆಯವರು ಎಲೆಯ ಮುಂದೆ ಕೂಡುವ ಮೊದಲು ಆಕಳಿಗೆ ಒಂದು ತುತ್ತು ಹೋಗಬೇಕು. ರಾಯರ ಅಜ್ಜ ಕೊಟ್ಟಿದ್ದರು, ಅಪ್ಪ ಕೊಟ್ಟಿದ್ದರು. ಕೊಡದೆ ಉಂಡ ದಿನ ಅನ್ನ ಗಂಟಲಲ್ಲೇ ನಿಂತಂತೆ ಅನ್ನಿಸುತ್ತಿತ್ತು ರಾಯರಿಗೆ.

ಇದೇ ಊರಿನ ಕಾಚಿಗುಡದ ಹಳೆಯ ಮನೆಯಲ್ಲಿ ಈ ಚಿಂತೆಯೇ ಇರಲಿಲ್ಲ. ಅಲ್ಲಿ ಗೌಳಿಯ ಕಂದು ಆಕಳೊಂದು ಪೂಜೆಯ ಗಂಟೆ ಕೇಳಿದ್ದೇ ಗೇಟಿಗೆ ಬಂದು ಕೊರಳು ಚಾಚುತ್ತಿತ್ತು. ರಾಯರು ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆಗಳ ನಕ್ಷೆ ಬರೆದವರು. ನೌಕರಿಯಲ್ಲಿದ್ದಾಗ ಬೆಳಿಗ್ಗೆ ಎಂಟಕ್ಕೆ ಪೂಜೆ, ಆಕಳೂ ಎಂಟಕ್ಕೆ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಪೂಜೆ ಹನ್ನೆರಡಕ್ಕೆ ಸರಿಯಿತು, ಆಕಳೂ ಹನ್ನೆರಡಕ್ಕೆ ಸರಿಯಿತು. ಇಲಾಖೆಯವರು ಮಾಡಿದ ಬೀಳ್ಕೊಡುಗೆಗಿಂತ ಆಕಳು ತೋರಿಸಿದ ಈ ಮರ್ಯಾದೆಯೇ ದೊಡ್ಡದೆಂದು ರಾಯರು ಹೇಳಿಕೊಳ್ಳುತ್ತಿದ್ದರು.

ಮಗಳು ಪ್ರಾಜಕ್ತಾ ಮಾದಾಪುರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಕೊಂಡಾಪುರದಲ್ಲಿ ಫ್ಲ್ಯಾಟು ಕೊಂಡು ಅಪ್ಪ ಅಮ್ಮನನ್ನು ಕರೆದುಕೊಂಡು ಬಂದಳು. ಬಂದ ಮೊದಲ ವಾರದಲ್ಲೇ ರಾಯರು ಎಲೆ ಹಿಡಿದು ಕೆಳಗಿಳಿದು ಕಾವಲುಗಾರ ಮೌನಪ್ಪನನ್ನು ಕೇಳಿದ್ದರು. ಮೌನಪ್ಪ ಯಾದಗಿರಿ ಕಡೆಯವನು, ಕನ್ನಡ ಕಿವಿಗೆ ಬಿದ್ದರೆ ಎದ್ದು ನಿಲ್ಲುವವನು.

“ಒಂದು ಆಕಳ ಐತ್ರಿ ಯಜಮಾನ್ರ, ದೊಡ್ಡ ರೋಡಿನ ಆ ಕಡಿಗೆ. ಆದ್ರ ಅದು ಕಸದ ಡಬ್ಬಿ ಬಿಟ್ಟು ಕದಲಾಂಗಿಲ್ರಿ. ಪ್ಲಾಸ್ಟಿಕ್ ತಿನ್ನಾಕತ್ತೈತಿ. ನೀವು ಆ ರೋಡು ದಾಟೋದು ಬ್ಯಾಡ್ರಿ, ಮಂಡಿ ಬ್ಯಾರೆ ನೋಯ್ತಾವು.”

ಹಾಗಾಗಿ ಆಕಳ ಪಾಲು ಬಾಲ್ಕನಿಯ ಕಟ್ಟೆಯ ಮೇಲೆ ಕೂಡತೊಡಗಿತು. ಕಾಗೆಗಳು ಏಳನೇ ಮಹಡಿಗೆ ಬರಲು ಮನಸ್ಸು ಮಾಡಲಿಲ್ಲ. ಪಾರಿವಾಳಗಳು ಬಂದವು, ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡಿದವು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫೋಟೋ ಹಾಕಿದರು. ಅದೂ ನಿಂತುಹೋಯಿತು. ಆದರೂ ರಾಯರು ದಿನಾ ಪಾಲು ಎತ್ತಿಡುವುದನ್ನು ಬಿಡಲಿಲ್ಲ.

ಇಂಥ ಹೊತ್ತಿನಲ್ಲಿ ಆ ಮನೆಗೆ ಫೆರೆಟ್‌ಗಳು ಬಂದವು.

ಪ್ರಾಜಕ್ತಾಳ ಆಫೀಸಿನ ವೇದವತಿ ಎಂಬ ಹುಡುಗಿ ಎರಡು ವರ್ಷದಿಂದ ಸಾಕಿಕೊಂಡಿದ್ದ ವಿದೇಶಿ ಪ್ರಾಣಿಗಳ ಜೋಡಿ. ಅವಳ ಮದುವೆ ಗೊತ್ತಾಯಿತು, ಅತ್ತೆಮನೆಯವರು ಸೊಸೆ ಸಾಕು, ಉಳಿದದ್ದು ಬೇಡ ಅಂದರು. ಒಂದು ಶನಿವಾರ ಪ್ರಾಜಕ್ತಾ ಮೂರು ಅಂತಸ್ತಿನ ಪಂಜರವನ್ನು ಲಿಫ್ಟಿನಲ್ಲಿ ಏರಿಸಿಕೊಂಡು ಬಂದೇಬಿಟ್ಟಳು. ಮೊಳದುದ್ದದ ಮೈ, ಬೆರಳುದ್ದದ ಕಾಲು, ಮುಖಕ್ಕೆ ಮಸಿ ಬಳಿದಂಥ ಗುರುತು. ಮೌನಪ್ಪ ಮುಂಗಸಿ ಅಂದ. ಎದುರು ಮನೆಯ ತೆಲುಗಿನವರೂ ಮುಂಗಿಸ ಅಂದರು. ರಾಯರು ಕನ್ನಡಕ ಏರಿಸಿ ನೋಡಿ, “ಮುಂಗಸಿ ಅಲ್ಲ, ಮುಂಗಸಿಯವರ ಕಡೆ ಬೀಗರು,” ಎಂದು ತೀರ್ಪು ಕೊಟ್ಟರು.

ಹೆಂಡತಿ ಸುಹಾಸಿನಿಬಾಯಿಗೆ ನಗು ಬರಲಿಲ್ಲ. “ಇವು ಏನ ತಿಂತಾವ?” ಎಂದು ಕೇಳಿದರು. ನಲವತ್ತು ವರ್ಷ ಮಡಿಯಲ್ಲಿ ಅಡಿಗೆ ಮಾಡಿದ ಹೆಂಗಸು ಮೊದಲು ಕೇಳುವುದು ಅದನ್ನೇ.

“ಚಿಕನ್,” ಅಂದಳು ಮಗಳು, ನೆಲ ನೋಡುತ್ತ.

ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಒಪ್ಪಂದವಾಯಿತು. ಮಾಂಸ ಬಾಲ್ಕನಿಯ ಪುಟ್ಟ ಫ್ರಿಜ್ಜಿನಲ್ಲಿ, ಅದರ ಬಟ್ಟಲು ಚಮಚ ಅಲ್ಲೇ, ಅದನ್ನು ಮುಟ್ಟುವವಳು ಪ್ರಾಜಕ್ತಾ ಒಬ್ಬಳೇ. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ. ರಾಯರು ಸ್ಕೇಲು ಹಿಡಿದು ಬಾಲ್ಕನಿಯ ಬಾಗಿಲಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆದರು, ಕಾಲುವೆಯ ಗೆರೆಯಷ್ಟೇ ನೆಟ್ಟಗೆ. ಆ ಕಡೆ ಮೈಲಿಗೆ, ಈ ಕಡೆ ಮಡಿ. ಪ್ರಾಣಿಗಳು ಮಾತ್ರ ಮಗಳ ಕೋಣೆಯಲ್ಲಿ, ಏಸಿಯ ತಂಪಿನಲ್ಲಿ, ಪಂಜರದ ಬಾಗಿಲು ಹಗಲೆಲ್ಲ ತೆರೆದು. ಹೈದರಾಬಾದಿನ ಏಪ್ರಿಲ್ ಬಿಸಿಲನ್ನು ಈ ಬೀಗರು ತಡೆಯಲಾರರು.

ಮಲಗಿದಾಗ ಸುರುಳಿ ಸುತ್ತಿಕೊಳ್ಳುವ ಗಂಡಿಗೆ ಚಕ್ಕಲಿ ಎಂದು ಹೆಸರಾಯಿತು. ಗುಂಡಗೆ ಮುದ್ದೆಯಾಗುವ ಹೆಣ್ಣಿಗೆ ಉಂಡಿ. ಹೆಸರಿಟ್ಟದ್ದು ಬೇರೆ ಯಾರೂ ಅಲ್ಲ, ಸುಹಾಸಿನಿಬಾಯಿಯೇ. ಬೈಯುವುದಕ್ಕಾದರೂ ಒಂದು ಹೆಸರು ಬೇಕಲ್ಲ.

ಪ್ರಾಜಕ್ತಾ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಹಾಲು ಬೇಡ, ಅನ್ನ ಬೇಡ, ಹಣ್ಣು ಬೇಡ, ಸಿಹಿ ಏನೇನೂ ಬೇಡ. ಸಿಹಿಯ ಕೆಳಗೆ ಎರಡು ಗೆರೆ. ರಾಯರು ಓದಿದರು. ಓದಿ ತಲೆಯನ್ನೂ ಆಡಿಸಿದರು. ಹಗಲೆಲ್ಲ ಮನೆಯಲ್ಲಿರುವವರು ಅವರೇ ಆದ್ದರಿಂದ ಕಾವಲಿನ ಜವಾಬ್ದಾರಿ ಅವರಿಗೇ ಬಂತು. “ಅಪ್ಪಾ, ಅಮ್ಮ ಕರುಣೆ ಬಂದು ಏನಾದರೂ ಹಾಕಿಬಿಡ್ತಾಳ. ನೀ ನೋಡ್ಕೋ,” ಅಂದಿದ್ದಳು ಮಗಳು. ರಾಯರು ಮೂವತ್ತನಾಲ್ಕು ವರ್ಷ ಸರಕಾರದ ನೀರು ಕಾಯ್ದವರು, ಇದೇನು ಮಹಾ.

ಬೇಲಿಯೇ ಎದ್ದು ಹೊಲ ಮೇಯುವುದು ಹೇಗೆ ಎಂದು ತಿಳಿಯಬೇಕಾದರೆ ಆ ಬೇಲಿಯ ಒಳಗಿನ ಮಾತನ್ನೂ ಕೇಳಬೇಕು.

ಒಂದು ಮಧ್ಯಾಹ್ನ ರಾಯರು ನೈವೇದ್ಯದ ಗಂಟೆ ಬಾರಿಸುತ್ತಿದ್ದರು, ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬೆನ್ನ ಹಿಂದೆ ಏನೋ ಸರಿದಂತಾಯಿತು. ತಿರುಗಿ ನೋಡಿದರೆ ಉಂಡಿ, ಹಿಂಗಾಲ ಮೇಲೆ ಎದ್ದು ನಿಂತಿದ್ದಾಳೆ, ಮುಂದಿನ ಎರಡು ಕೈ ಎದೆಯ ಮುಂದೆ. ಕೈ ಮುಗಿದಂತೆಯೇ ಕಾಣುತ್ತಿತ್ತು. ರಾಯರ ಮುಂದೆ ಎಲೆಯಿತ್ತು, ಎಲೆಯ ಮೇಲೆ ಆಕಳ ಪಾಲು. ಆಕಳಿಲ್ಲದ ಊರಿನಲ್ಲಿ, ಗಂಟೆಗೆ ಓಗೊಟ್ಟು ಬಂದ ಒಂದು ಜೀವ. ತುದಿಬೆರಳಲ್ಲಿ ತುಪ್ಪ ಬೆಲ್ಲ ತೆಗೆದು ಮೂಗಿನ ಮುಂದೆ ಹಿಡಿದರು. ಉಂಡಿ ಮೂಸಿದಳು, ನೆಕ್ಕಿದಳು, ಬೆರಳಿನ ಚರ್ಮ ಸವೆಯುವಂತೆ ನೆಕ್ಕಿದಳು.

ಕಾಗದದ ನೆನಪು ಬಂತು. ಬರದೇ ಇರಲಿಲ್ಲ. ಆದರೆ ಆ ಕಾಗದ ಬರೆದದ್ದು ತಿನಿಸಿಗೆ, ಇದು ತಿನಿಸಲ್ಲ. ದೇವರ ಮುಂದೆ ಇಟ್ಟು ತೆಗೆದ ಮೇಲೆ ಬೆಲ್ಲ ಬೆಲ್ಲವಲ್ಲ, ಪ್ರಸಾದ. ಪ್ರಸಾದಕ್ಕೆ ದೋಷವಿಲ್ಲ. ಸಕ್ಕರೆ ಕಾಯಿಲೆಯಿದ್ದ ಅವರ ಅಣ್ಣನೇ ಈ ಮಾತು ಹೇಳಿ ಕಡಲೆಬೇಳೆ ಬೆಲ್ಲದ ಹಯಗ್ರೀವ ಮೂರು ಸಲ ಹಾಕಿಸಿಕೊಳ್ಳುತ್ತಿದ್ದದ್ದು ರಾಯರಿಗೆ ಗೊತ್ತಿತ್ತು. ಅಣ್ಣ ಏನಾಗಿ ಹೋದ ಎಂಬುದೂ ಗೊತ್ತಿತ್ತು. ಮನುಷ್ಯನಿಗೆ ಬೇಕಾದ ಅರ್ಧ ಮಾತ್ರ ನೆನಪಾಗುತ್ತದೆ.

ಅಂದಿನಿಂದ ದಿನಾ ಗಂಟೆ, ದಿನಾ ಉಂಡಿ. ಚಕ್ಕಲಿ ಒಂದೇ ಒಂದು ದಿನ ಬಂದು ಮೂಸಿ, ಇದು ತನ್ನ ಅಂತಸ್ತಿನದಲ್ಲ ಎಂಬಂತೆ ತಿರುಗಿ ಹೋದ. ಉಂಡಿ ಮಾತ್ರ ತಪ್ಪಲಿಲ್ಲ. ದೇವರ ಕಪಾಟಿನ ಎದುರಿನ ನೆಲದ ಎರಡನೆಯ ಫರಸಿಕಲ್ಲು ಅವಳ ಜಾಗವಾಯಿತು. ಶುಕ್ರವಾರ ಹೆಸರುಬೇಳೆ ಪಾಯಸ, ಹಬ್ಬಕ್ಕೆ ಹಯಗ್ರೀವ, ಉಳಿದ ದಿನ ತುಪ್ಪ ಬೆಲ್ಲ ಅನ್ನ. ಪ್ರಾಜಕ್ತಾ ಸಂಜೆ ಏಳಕ್ಕೆ ಬರುವಷ್ಟರಲ್ಲಿ ಫರಸಿ ಒರೆಸಿ ಆಗಿರುತ್ತಿತ್ತು. ರಜೆಯ ದಿನ ಅವಳು ಹನ್ನೊಂದರವರೆಗೆ ಮಲಗಿ, ಎದ್ದವಳೇ ಗೆಳತಿಯರ ಕಡೆ ಹೊರಡುತ್ತಿದ್ದಳು. ಇದ್ದ ದಿನ ಉಂಡಿಯನ್ನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡಿಸುತ್ತಿದ್ದಳು. ಹೀಗೆ ಒಂದು ವರ್ಷ ದಾಟಿತು.

ಆಮೇಲೆ ಏಕಾದಶಿಯ ಸಂಗತಿ ಶುರುವಾಯಿತು.

ಏಕಾದಶಿಯ ದಿನ ರಾಯರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೈವೇದ್ಯವಿಲ್ಲ, ಆಕಳ ಪಾಲೂ ಇಲ್ಲ. ದೇವರಿಗೆ ನೀರು, ಮನುಷ್ಯರಿಗೆ ತೀರ್ಥ. ಆದರೂ ಮಂಗಳಾರತಿಗೆ ಗಂಟೆ ಬಾರಿಸಿದರೆ ಉಂಡಿ ಬರುತ್ತಿದ್ದಳು. ಆಷಾಢದ ಒಂದು ಏಕಾದಶಿ ಬಂದವಳು ಫರಸಿಯ ಮೇಲೆ ಕೂತು, ಕೂತೇ ಬಿಟ್ಟಳು. ಕಣ್ಣು ತೆರೆದೇ ಇತ್ತು. ನೋಟ ದೇವರ ಕಪಾಟಿನ ಮೇಲೆ. ಕರೆದರೆ ಕಿವಿ ಅಲ್ಲಾಡಲಿಲ್ಲ. ಕಾಲು ಗಂಟೆ ಹಾಗೇ ಕೂತು, ಆಮೇಲೆ ಮೆಲ್ಲಗೆ ಎದ್ದು ಹೋದಳು. ಬೆಳಿಗ್ಗೆ ಪ್ರಾಜಕ್ತಾ ಇಟ್ಟುಹೋದ ಬಟ್ಟಲನ್ನೂ ಮುಟ್ಟಿರಲಿಲ್ಲ.

“ಸುಹಾಸಿನೀ, ಇಲ್ಲೆ ನೋಡ ಬಾ. ಉಂಡಿ ಉಪವಾಸ ಮಾಡ್ಲಿಕ್ಕತ್ತಾಳ.”

“ಅದಕ್ಕೇನ ತಿಥಿ ತಿಳೀತದೇನ್ರೀ? ಪಂಚಾಂಗ ಓದ್ತದೇನು?”

“ಕಣ್ಣ ನೋಡು ಆಕಿದು. ಧ್ಯಾನಕ್ಕ ಕೂತಂಗ ಅದ. ಹೋದ ಜನ್ಮದಾಗ ಏನೋ ಛಲೋ ಮಾಡಿದ ಜೀವ ಇದು.”

ಮುಂದಿನ ಏಕಾದಶಿಗೂ ಹಾಗೇ ಆಯಿತು. ಅದರ ಮುಂದಿನದಕ್ಕೂ. ರಾಯರು ಪಂಚಾಂಗದಲ್ಲಿ ಆ ತಿಥಿಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ‘ಉಂ’ ಎಂದು ಬರೆದಿಟ್ಟರು. ಫೋನಿನಲ್ಲಿ ರಾಯಚೂರಿನ ತಂಗಿಗೆ ಹೇಳಿದರು, ಕಲಬುರಗಿಯ ಸೋದರಮಾವನ ಮಗನಿಗೆ ಹೇಳಿದರು. ಮಗಳಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಉಳಿದ ದಿನ ಏನು ಮಾಡುತ್ತಾಳೆ ಎಂಬ ಪ್ರಶ್ನೆ ಬರುತ್ತಿತ್ತು. ಒಂದು ಏಕಾದಶಿ ಹಿಂಗಾಲು ಕೊಂಚ ಎಳೆದಂತೆ ಕಂಡಿತು. ಉಪವಾಸದ ಆಯಾಸ ಇರಬೇಕೆಂದುಕೊಂಡರು. ತಮಗೂ ಅವತ್ತು ಮಂಡಿ ನಡುಗುತ್ತಿತ್ತಲ್ಲ.

ಕಾರ್ತಿಕ ಮಾಸದ ಏಕಾದಶಿ. ಗಂಟೆ ಬಾರಿಸಿದಾಗ ಉಂಡಿ ಬಂದಳು, ಫರಸಿಯ ಮೇಲೆ ಕೂತಳು. ರಾಯರು ಸಂತೋಷದಿಂದ ಆರತಿ ಮುಗಿಸಿ ತಿರುಗಿದರೆ ಅವಳ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮುಂಗೈಯಿಂದ ಬಾಯನ್ನು ಕೆರೆದುಕೊಳ್ಳುತ್ತಿದ್ದಳು. ಆಮೇಲೆ ಪಕ್ಕಕ್ಕೆ ಉರುಳಿ, ಮೈಯೆಲ್ಲ ಸೆಟೆದು, ನಾಲ್ಕೂ ಕಾಲು ನಡುಗತೊಡಗಿದವು.

ರಾಯರು ಹೆಂಡತಿಯನ್ನು ಕೂಗಿದರು. ಸುಹಾಸಿನಿಬಾಯಿ ಓಡಿಬಂದರು. ಫೋನು ಹಚ್ಚಿದರೆ ಮಗಳು ಮೀಟಿಂಗಿನಿಂದ ಎದ್ದು ಬಂದು ಮಾತಾಡಿದಳು, ಕಾಯಲು ಹೇಳಿ ಡಾಕ್ಟರಿಗೆ ಫೋನು ಮಾಡಿ ತಿರುಗಿ ಮಾಡಿದಳು.

“ಅಪ್ಪಾ, ಜೇನುತುಪ್ಪ ಅದಲ್ಲ? ಬೆರಳಿಗೆ ಹಚ್ಕೊಂಡು ಆಕಿ ಒಸಡಿಗೆ ತಿಕ್ಕು. ಗಂಟಲಿಗೆ ಹಾಕಬ್ಯಾಡ, ಬರೇ ಒಸಡಿಗೆ. ನಾ ಬರ್ಲಿಕ್ಕತ್ತೀನಿ.”

ಪಂಚಾಮೃತದ ಜೇನಿನ ಬಾಟಲಿಯಿಂದ ರಾಯರು ಬೆರಳದ್ದಿ ತಿಕ್ಕಿದರು. ಐದು ನಿಮಿಷವಾಯಿತೋ ಇಲ್ಲವೋ, ನಡುಕ ನಿಂತಿತು. ಕಣ್ಣಿಗೆ ಜೀವ ಬಂತು. ಉಂಡಿ ತಲೆಯೆತ್ತಿ ಅವರ ಬೆರಳು ಹುಡುಕಿದಳು. ರಾಯರು ದೇವರ ಕಡೆ ನೋಡಿ ಅತ್ತುಬಿಟ್ಟರು. ಸಿಹಿ ಉಳಿಸಿತು ಎಂದೇ ಅವರು ತಿಳಿದರು.

ಮೂರೂವರೆಗೆ ಮೂವರೂ ಆಸ್ಪತ್ರೆಯಲ್ಲಿದ್ದರು. ಡಾಕ್ಟರ್ ಸಾಯಿಕುಮಾರ್ ಗಿಣಿ, ಆಮೆ, ಮೊಲ, ಇಂಥವುಗಳನ್ನೇ ಹೆಚ್ಚಾಗಿ ನೋಡುವವರು. ರಕ್ತ ಪರೀಕ್ಷೆ, ಸ್ಕ್ಯಾನು ಮಾಡಿ ಬಂದು ಕೂತು, ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ನಿಧಾನಕ್ಕೆ ಹೇಳಿದರು. ಉಂಡಿಯ ಹೊಟ್ಟೆಯಲ್ಲಿ, ಸಕ್ಕರೆಯನ್ನು ಅಂಕೆಯಲ್ಲಿಡುವ ಗ್ರಂಥಿಯ ಮೇಲೆ ಗಂಟುಗಳು ಬೆಳೆದಿವೆ. ರಕ್ತದಲ್ಲಿದ್ದ ಸಕ್ಕರೆಯನ್ನೆಲ್ಲ ಅವು ಬರಿದು ಮಾಡುತ್ತವೆ. ಜೇನು ತಿಕ್ಕಿದರೆ ಆ ಗಳಿಗೆಗೆ ಏಳುತ್ತಾಳೆ. ಆದರೆ ಸಿಹಿ ಒಳಗೆ ಹೋದಷ್ಟೂ ಗ್ರಂಥಿ ಇನ್ನಷ್ಟು ಕೆರಳುತ್ತದೆ. ಪ್ರಾಣ ಹೋಗುವಾಗ ಮಾತ್ರ ಜೇನು, ಉಳಿದಂತೆ ಒಂದು ಕಣವೂ ಬೇಡ.

“ಮೀಠಾ ಕುಛ್ ಖಿಲಾತೇ ಕ್ಯಾ? ಬೆಲ್ಲಂ, ಅನ್ನಂ, ಪಾಯಸಂ?” ಎಂದು ಕೇಳಿದರು.

“ಎಂದೂ ಇಲ್ಲ ಡಾಕ್ಟರ್,” ಪ್ರಾಜಕ್ತಾ ಥಟ್ಟನೆ ಹಿಂದಿಯಲ್ಲಿ ಅಂದಳು. “ನಮ್ಮ ತಂದೆಯವರೇ ದಿನವಿಡೀ ಕಾಯುತ್ತಾರೆ. ಅವರಿರುವಾಗ ಒಂದು ಕಾಳು ಅತ್ತಿತ್ತ ಆಗುವುದಿಲ್ಲ.” ಹೇಳಿ ಅಪ್ಪನ ತೋಳು ಹಿಡಿದುಕೊಂಡಳು.

ರಾಯರಿಗೆ ಆ ಕೈ ಸುಟ್ಟಂತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಅವರು ತಮ್ಮ ಬಲಗೈಯ ತೋರುಬೆರಳನ್ನು ಧೋತರದಲ್ಲಿ ಮುಚ್ಚಿದರು.

ಡಾಕ್ಟರು ಇನ್ನೊಂದು ಕೇಳಿದರು. ಇದು ಒಮ್ಮೆಲೇ ಬರುವ ರೋಗವಲ್ಲ. ಮೊದಲು ಸುಮ್ಮನೆ ಒಂದೇ ಕಡೆ ನೋಡುತ್ತ ಕೂಡುತ್ತವೆ, ಕರೆದರೆ ತಿಳಿಯುವುದಿಲ್ಲ, ಹಿಂಗಾಲು ಎಳೆಯುತ್ತವೆ. ನಾಲ್ಕು ತಿಂಗಳ ಹಿಂದೆ ಹಾಗೆ ಕೂತಾಗಲೇ ತಂದಿದ್ದರೆ ಕೊಯ್ದು ತೆಗೆಯಬಹುದಿತ್ತೇನೋ. ಈಗ ಹರಡಿದೆ, ಅರಿವಳಿಕೆಯನ್ನು ತಡೆಯುವ ಶಕ್ತಿ ಇಲ್ಲ. ಅಂಥದ್ದೇನಾದರೂ ಮನೆಯಲ್ಲಿ ಕಂಡಿತ್ತೇ?

“ಅಪ್ಪಾ, ನೀ ಏನರ ನೋಡಿದ್ದೆ ಏನು?” ಪ್ರಾಜಕ್ತಾ ತಿರುಗಿ ಕೇಳಿದಳು.

ಪಂಚಾಂಗದ ಮೇಲಿನ ಪೆನ್ಸಿಲಿನ ಗುರುತುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಂಟು ಏಕಾದಶಿ, ಎಂಟೂ ಬೆಲ್ಲ ಸಿಗದ ದಿನ.

“ಇಲ್ಲವಾ,” ಅಂದರು ರಾಯರು.

ಸಿಹಿಯಿಂದಲೇ ಬಂತೇ ಎಂದು ಪ್ರಾಜಕ್ತಾ ಕೇಳಿದಾಗ ಡಾಕ್ಟರು, ಹಾಗೆ ಖಚಿತವಾಗಿ ಯಾರೂ ಹೇಳಲಾರರು ಎಂದರು. ಸಿಹಿ ತಿನ್ನದವಕ್ಕೂ ಬರುತ್ತದೆ. ತಿಂದಿದ್ದರೆ ಇದು ಬೇಗ ಬಲಿಯುತ್ತದೆ, ಅಷ್ಟು ನಿಜ. ಆ ಮಾತಿನ ಮೊದಲರ್ಧವನ್ನು ಹಿಡಿದುಕೊಳ್ಳಲು ರಾಯರು ದಾರಿಯುದ್ದಕ್ಕೂ ನೋಡಿದರು. ಈ ಸಲ ಎರಡನೆಯ ಅರ್ಧವೇ ನೆನಪಿನಲ್ಲಿ ಉಳಿಯಿತು.

ದಿನಕ್ಕೆರಡು ಸಲ ಔಷಧದ ಹನಿ, ನಾಲ್ಕು ತಾಸಿಗೊಮ್ಮೆ ಮಾಂಸದ ಮುದ್ದೆ. ಒಂದು ಹೊತ್ತೂ ತಪ್ಪಬಾರದು. ಪ್ರಾಜಕ್ತಾ ಎರಡು ದಿನ ಮನೆಯಿಂದ ಕೆಲಸ ಮಾಡಿದಳು, ಮೂರನೆಯ ದಿನ ಹೋಗಲೇಬೇಕಾಯಿತು. ಹೋಗುವಾಗ ಬಾಗಿಲಲ್ಲಿ ನಿಂತು ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಔಷಧದ ಬಾಟಲಿ ಕೈಯಲ್ಲೇ ಇತ್ತು.

“ನಾ ಹಾಕ್ತೀನಿ,” ಅಂದರು ರಾಯರು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ತಾವೇ ಎಳೆದ ಗೆರೆಯನ್ನು ದಾಟಿ, ಅವರು ಬಾಲ್ಕನಿಯ ಫ್ರಿಜ್ಜು ತೆಗೆದರು. ಬೇಯಿಸಿ ಅರೆದ ಚಿಕನ್ ಡಬ್ಬಿಯಲ್ಲಿತ್ತು. ಅದನ್ನು ಬಿಸಿನೀರಲ್ಲಿ ಕಲಸಬೇಕು, ಬೆರಳಿಂದಲೇ. ವಾಸನೆಗೆ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಕಲಸಿದರು. ಇದು ತಮಗೆ ತಕ್ಕ ಶಿಕ್ಷೆ, ಇದನ್ನು ಮಾಡಿ ತೀರಿಸಿಕೊಂಡರೆ ಆಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದರು.

ಉಂಡಿ ತಿನ್ನಲಿಲ್ಲ. ಅವರ ಬೆರಳನ್ನು ಮೂಸಿದಳು, ಮುಖ ಎತ್ತಿ ನೋಡಿದಳು, ಕಾಯ್ದಳು. ಚಕ್ಕಲಿ ಬಂದು ಬಟ್ಟಲಿಗೆ ಬಾಯಿ ಹಾಕಿದ, ರಾಯರು ಅವನನ್ನು ದೂಡಿದರು. ಮತ್ತೆ ಬೆರಳು ಹಿಡಿದರು. ಉಂಡಿ ಮತ್ತೆ ಮೂಸಿ, ಅವರ ಇನ್ನೊಂದು ಕೈಯನ್ನು ಹುಡುಕಿದಳು. ಮಗಳ ಕೈಯಿಂದ ಮಾಂಸ ತಿನ್ನುವ ಪ್ರಾಣಿ, ಇವರ ಕೈಯಿಂದ ಬೆಲ್ಲ ಬಿಟ್ಟು ಬೇರೇನನ್ನೂ ಕಂಡದ್ದಿಲ್ಲ. ಆ ಬೆರಳಿಗೆ ಅವಳು ಒಂದೇ ಅರ್ಥ ಕಲಿತಿದ್ದಳು. ಅರ್ಧ ಗಂಟೆ ಗೋಗರೆದ ಮೇಲೆ ಎರಡು ಸಲ ನೆಕ್ಕಿದಳು, ಅಷ್ಟೇ. ರಾಯರು ಸ್ನಾನ ಮಾಡಿ ಬಂದು ಪೂಜೆಗೆ ಕೂತರು. ಗಂಟೆಗೆ ಕೈ ಹೋಯಿತು, ಹಾಗೇ ಹಿಂದೆ ಬಂತು. ಬಾರಿಸಿದರೆ ಅವಳು ಬರುತ್ತಾಳೆ.

ಹಾಗೆ ನಾಲ್ಕು ದಿನ ಗಂಟೆಯಿಲ್ಲದ ಪೂಜೆ ನಡೆಯಿತು. ಐದನೆಯ ದಿನ ಸುಹಾಸಿನಿಬಾಯಿ ಎಲೆ ಹಾಕುತ್ತ ಅಂದರು:

“ಮೂಕ ದೇವರ ಆಗ್ಯಾನೇನ್ರೀ ನಮ್ಮ ಮನಿಯೊಳಗ?”

ರಾಯರು ಎಲೆಯ ಅಂಚನ್ನು ಸರಿಮಾಡಿದರು.

“ನನಗ ಗೊತ್ತದ,” ಅಂದರು ಸುಹಾಸಿನಿಬಾಯಿ. “ಫರಸಿ ಮ್ಯಾಲ ಬೆಲ್ಲದ ಅಂಟು ಯಾರು ಒರಸ್ತಿದ್ರು ಅಂತ ತಿಳದೀರಿ? ನೀವು ಒರಸಿದ್ದು ಯಾವಾಗರ ಛಂದ ಹೋಗೇದೇನು? ನಾನೂ ಸುಮ್ಮನ ಇದ್ದೆ. ಒಂದು ಮೂಕ ಜೀವ ಬಂದು ಕೈ ಒಡ್ತದ, ನಿಮ್ಮ ಮುಖದ ಮ್ಯಾಲ ಆ ನಗು ನೋಡಿ ಎಷ್ಟ ವರ್ಷ ಆಗಿತ್ತು. ಆದ್ರ ಮಗಳಿಗೆ ಹೇಳ್ರಿ. ಇಲ್ಲಂದ್ರ ಡಾಕ್ಟರ ನಿಮ್ಮ ಸುಳ್ಳಿನ ಮ್ಯಾಲ ಔಷಧ ಕೊಡ್ತಾನ.”

“ಹೆಂಗ ಹೇಳ್ಲಿ? ‘ನಮ್ಮ ತಂದೀನೇ ಕಾಯ್ತಾರ’ ಅಂದ್ಲು.”

ಅದು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು ಉಗುಳಲೂ ಆಗದು. ಸಂಜೆ ಮಗಳು ಬಂದು ಚಪ್ಪಲಿ ಬಿಡುವ ಮುಂಚೆಯೇ “ಎಷ್ಟು ತಿಂದ್ಲು ಅಪ್ಪಾ?” ಎಂದು ಕೇಳುವಾಗ ದಿನಾ ನಾಲಿಗೆಯ ತುದಿಗೆ ಬರುತ್ತಿತ್ತು. ಅವಳು ಉಂಡಿಯನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ತಿನ್ನಿಸುವುದನ್ನು ನೋಡಿದರೆ ಮತ್ತೆ ಒಳಗೆ ಹೋಗುತ್ತಿತ್ತು. ಅವಳನ್ನು ನೋಡಲು ಬಂದ ವರಗಳೆಲ್ಲ ಒಂದಲ್ಲ ಒಂದು ನೆಪ ಹೇಳಿ ಹೋದ ಮೇಲೆ, ಆ ಹುಡುಗಿ ತೊಡೆ ತುಂಬ ಏನನ್ನಾದರೂ ಹಾಕಿಕೊಂಡು ಕೂತದ್ದು ಈ ಎರಡು ಪ್ರಾಣಿ ಬಂದ ಮೇಲೇ. ಇದನ್ನು ರಾಯರು ಹೆಂಡತಿಯ ಹತ್ತಿರವೂ ಆಡಿರಲಿಲ್ಲ.

ಶುಕ್ರವಾರ ಬಂತು. ಉಂಡಿಗೆ ಹಿಂಗಾಲು ಪೂರಾ ಸೋತಿತ್ತು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರು ಫೋನಿನಲ್ಲಿ, ಹೇಗಾದರೂ ಕೊಂಚ ನಡೆಯಲಿ, ಮಲಗಿದಲ್ಲೇ ಮಲಗಿದರೆ ಬೇಗ ಕೈಮೀರುತ್ತದೆ ಎಂದಿದ್ದರು. ಪ್ರಾಜಕ್ತಾ ರಜೆ ಹಾಕಿದ್ದಳು. ಬೆಳಗಿನಿಂದ ನೆಲದ ಮೇಲೆ ಕೂತು ಚಪ್ಪಾಳೆ ತಟ್ಟಿದಳು, ಚೆಂಡು ಉರುಳಿಸಿದಳು, ಉಂಡಿಗೆ ಇಷ್ಟವಾದ ಸದ್ದಿನ ಪ್ಲಾಸ್ಟಿಕ್ ಚೀಲ ಅಲ್ಲಾಡಿಸಿದಳು. ಉಂಡಿ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿದಳು.

ಹನ್ನೆರಡಾಯಿತು. ಕೋಣೆಯ ಬಾಗಿಲು ತೆರೆದಿತ್ತು. ರಾಯರು ನೈವೇದ್ಯಕ್ಕೆ ನೀರು ಸುತ್ತಿದರು. ಆಮೇಲೆ ಗಂಟೆ ಎತ್ತಿಕೊಂಡರು. ಅಡಿಗೆಮನೆಯಲ್ಲಿ ಸುಹಾಸಿನಿಬಾಯಿಯ ಕೈ ನಿಂತಿತು. ಬಾಯಿಂದ ಬಾರದ್ದನ್ನು ರಾಯರು ಗಂಟೆಯಿಂದ ಹೇಳಿಸಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕೋಣೆಯಲ್ಲಿ ಪ್ರಾಜಕ್ತಾ, “ಅಮ್ಮಾ, ಉಂಡಿ ಎದ್ಲು,” ಅಂದದ್ದು ಕೇಳಿಸಿತು. ದನಿಯಲ್ಲಿ ಎಂಥ ಸಂತೋಷ. ಮುಂಗಾಲಿನಿಂದ ನೆಲ ಹಿಡಿದು, ಹಿಂಭಾಗವನ್ನು ಒದ್ದೆ ಬಟ್ಟೆಯಂತೆ ಎಳೆದುಕೊಂಡು, ಉಂಡಿ ಹೊಸ್ತಿಲು ದಾಟಿದಳು. ಸೋಫಾದ ಪಕ್ಕ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ಪ್ರಾಜಕ್ತಾ ಹಿಂದೆಯೇ ಬಗ್ಗಿಕೊಂಡು ಬರುತ್ತಿದ್ದಳು, ಕೂಸು ಮೊದಲ ಹೆಜ್ಜೆ ಇಡುವಾಗ ತಾಯಿ ಬರುವಂತೆ. ಉಂಡಿ ದೇವರ ಕಪಾಟಿನ ಎದುರಿನ ಎರಡನೆಯ ಫರಸಿಗೆ ಬಂದು ನಿಂತಳು. ಎದ್ದು ನಿಲ್ಲಲು ನೋಡಿ ಬಿದ್ದಳು. ಬಿದ್ದಲ್ಲಿಂದಲೇ ಬಾಯಿ ತೆರೆದು ರಾಯರ ಬಲಗೈಯನ್ನು ನೋಡಿದಳು.

ಪ್ರಾಜಕ್ತಾಳ ಮುಖದ ಮೇಲಿನ ನಗು ಇನ್ನೂ ಹೋಗಿರಲಿಲ್ಲ. ಅವಳು ಉಂಡಿಯನ್ನು ನೋಡಿದಳು, ಫರಸಿಯನ್ನು ನೋಡಿದಳು, ಅಪ್ಪನ ಎದುರಿಗಿದ್ದ ಎಲೆಯ ತುಂಡನ್ನು, ಅದರ ಮೇಲಿನ ಬೆಲ್ಲವನ್ನು ನೋಡಿದಳು.

“ಎಷ್ಟ ದಿನದಿಂದ ಅಪ್ಪಾ?”

“ಒಂದೂವರಿ ವರ್ಷ.”

ಆಮೇಲೆ ನಿಲ್ಲಲಿಲ್ಲ. ಏಕಾದಶಿಯ ಮಾತನ್ನೂ ಹೇಳಿದರು, ಧ್ಯಾನ ಎಂದುಕೊಂಡದ್ದನ್ನೂ, ಪಂಚಾಂಗದಲ್ಲಿ ಬರೆದದ್ದನ್ನೂ, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದನ್ನೂ. ಅವಳು ಬೈಯಲಿ ಎಂದು ಕಾಯ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪ್ರಾಜಕ್ತಾ ಉಂಡಿಯನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಆ ಮನೆಯಲ್ಲಿ ಮೂರೂ ಎಲೆ ಹಾಗೇ ಒಣಗಿದವು.

ಮರುದಿನ ಶನಿವಾರವಾದರೂ ಅವಳಿಗೆ ಆಫೀಸಿತ್ತು, ಇಲ್ಲವೇ ಇದೆ ಎಂದು ಹೇಳಿದಳು. ಸ್ಕೂಟರಿನ ಕೀಲಿ ತೆಗೆದುಕೊಂಡು, ಅಪ್ಪನ ಮುಖ ನೋಡದೆ, ಕಪಾಟಿನ ಕಡೆ ನೋಡುತ್ತ ಮಾತಾಡಿದಳು.

“ಡಾಕ್ಟರಗ ಎಲ್ಲಾ ಹೇಳೀನಿ. ಔಷಧ ಏನೂ ಬದಲಾಗಂಗಿಲ್ಲಂತ.” ಸ್ವಲ್ಪ ತಡೆದಳು. “ಮಧ್ಯಾಹ್ನ ಗಂಟಿ ಬಾರಸು ಅಪ್ಪಾ. ಬ್ಯಾರೆ ಯಾವುದಕ್ಕೂ ಏಳವಲ್ಲಳು. ಅಷ್ಟ ದೂರರ ನಡೀಲಿ. ಬರೂದ್ರಾಗ ಕೈಯಾಗ ಚಿಕನ್ ಹಿಡಕೊಂಡಿರು.”

“ದೇವರ ಮುಂದ?”

“ಆಕಿಗೆ ಆ ಜಾಗಾನ ಗೊತ್ತದ.”

ಅವಳು ಹೋದ ಮೇಲೆ ರಾಯರು ಹೆಂಡತಿಯ ಕಡೆ ನೋಡಿದರು. ಸುಹಾಸಿನಿಬಾಯಿ ಎದ್ದು, ಒದ್ದೆ ಬಟ್ಟೆ ತಂದು, ಬಾಲ್ಕನಿಯ ಬಾಗಿಲ ಸುಣ್ಣದ ಗೆರೆಯನ್ನು ಒರೆಸಿ ಹಾಕಿದರು.

ಹನ್ನೆರಡಕ್ಕೆ ಪೂಜೆಯಾಯಿತು, ನೈವೇದ್ಯವಾಯಿತು. ರಾಯರು ಸಾಲಿಗ್ರಾಮಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಮಾಂಸದ ಬಟ್ಟಲು ತಂದು ಮಗ್ಗುಲಲ್ಲಿ ಇಟ್ಟುಕೊಂಡು ಗಂಟೆ ಬಾರಿಸಿದರು. ಕೋಣೆಯಿಂದ ಕಪಾಟಿಗೆ ಹದಿನಾರು ಫರಸಿ. ಉಂಡಿ ಮೂರು ಕಡೆ ನಿಂತಳು. ಎರಡು ಸಲ ಬಾರಿಸುವುದನ್ನು ನಿಲ್ಲಿಸಿಬಿಡಬೇಕೆನ್ನಿಸಿತು ರಾಯರಿಗೆ, ಆದರೆ ನಿಲ್ಲಿಸಿದರೆ ಅವಳು ನಡುದಾರಿಯಲ್ಲೇ ಮಲಗುತ್ತಾಳೆ. ಬಾರಿಸುತ್ತಲೇ ಇದ್ದರು. ಕೊನೆಗೆ ಬಂದು, ತನ್ನ ಫರಸಿಯ ಮೇಲೆ ಗದ್ದ ಊರಿದಳು.

ರಾಯರು ಬಲಗೈಯ ಬೆರಳಲ್ಲಿ ಮುದ್ದೆ ತೆಗೆದು ಅವಳ ಮೂಗಿಗೆ ಹಿಡಿದರು. “ತಿನ್ನು ನನ್ನವ್ವಾ,” ಅಂದರು. ಉಂಡಿ ಮೂಸಿದಳು. ಬಾಯಿ ತೆರೆಯಲಿಲ್ಲ. ಇಷ್ಟು ದೂರ ಬಂದದ್ದು ಇದಕ್ಕಲ್ಲ ಎಂಬಂತೆ, ತಲೆಯನ್ನು ಮೆಲ್ಲಗೆ ಹೊರಳಿಸಿ, ಅವರ ಎಡಗೈಯ ಕಡೆ ನೋಡಿದಳು. ಗಂಟೆ ಕೆಳಗಿಟ್ಟ ಆ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಅದರಲ್ಲಿ ಇದ್ದೇ ಇದೆ ಎಂದು ಕಾಯುತ್ತಿದ್ದಳು.

ರಾಯರು ಆ ಕೈಯನ್ನೂ ಬಿಚ್ಚಿ ಅವಳ ಮುಂದೆ ಹಿಡಿದರು. ಅದು ಬರಿದಾಗಿತ್ತು. ಉಂಡಿ ಆ ಬರಿಗೈಯನ್ನೇ ನೆಕ್ಕತೊಡಗಿದಳು.